ಎಲೆಯೊಳಗಿನ ಶಿಲೀಂಧ್ರ: ಗುಣ ಯಾರದು, ಪುರಾವೆ ಯಾವುದು?



ಯಾವ ರೋಗಲಕ್ಷಣವೂ ಇಲ್ಲದ ಬೇವಿನ ಎಲೆಯೊಂದನ್ನು ತೊಳೆದು, ಆಲ್ಕೊಹಾಲಿನಲ್ಲೂ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲೂ ಅದ್ದಿ ಮೇಲ್ಮೈಯ ಜೀವಿಗಳನ್ನು ಕೊಂದು, ಶುದ್ಧ ನೀರಿನಲ್ಲಿ ಜಾಲಿಸಿ, ಚಿಕ್ಕ ಚೂರುಗಳಾಗಿ ಕತ್ತರಿಸಿ ಅಗರ್ ತಟ್ಟೆಯ ಮೇಲಿಟ್ಟರೆ, ಕೆಲವೇ ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಬಿಳಿ, ಬೂದು, ಕಪ್ಪು ಎಳೆಗಳು ಹೊರಕ್ಕೆ ಹಬ್ಬತೊಡಗುತ್ತವೆ. ಇವು ಗಾಳಿಯಿಂದ ಬಿದ್ದ ಬೂಷ್ಟಲ್ಲ. ಎಲೆ ಮರದ ಮೇಲಿದ್ದಾಗಲೇ ಅದರ ಜೀವಕೋಶಗಳ ನಡುವೆ ಮನೆಮಾಡಿಕೊಂಡಿದ್ದ ಶಿಲೀಂಧ್ರಗಳು. ಜರ್ಮನಿಯ ಆಂಟನ್ ಡಿ ಬಾರಿ 1866ರಲ್ಲೇ ಗಿಡದೊಳಗೆ ಬಾಳುವ ಇಂಥ ಜೀವಿಗಳನ್ನು ಎಂಡೊಫೈಟ್ ಎಂದು ಕರೆದಿದ್ದರೂ, ಅವು ಎಷ್ಟಿವೆ ಎಂಬುದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಪನಾಮಾದ ಬಾರೊ ಕೊಲೊರಾಡೊ ದ್ವೀಪದ ಕಾಡಿನಲ್ಲಿ ಎರಡೇ ಜಾತಿಯ ಮರಗಳಿಂದ ತೆಗೆದ 83 ಎಲೆಗಳಲ್ಲಿ, ರೂಪದಿಂದ ಬೇರೆ ಬೇರೆ ಎಂದು ಗುರುತಿಸಬಹುದಾದ 418 ಬಗೆಯ ಶಿಲೀಂಧ್ರಗಳು ಸಿಕ್ಕವೆಂದು 2000ದಲ್ಲಿ ವರದಿಯಾಯಿತು. ನಮ್ಮ ಮಲೆನಾಡಿನ ಪೊದೆಜಾತಿಯ ಔಷಧಿ ಸಸ್ಯಗಳನ್ನು ಕುವೆಂಪು ವಿಶ್ವವಿದ್ಯಾನಿಲಯದವರು, ಕುದುರೆಮುಖ ಶ್ರೇಣಿಯ ಐದು ಔಷಧಿ ಸಸ್ಯಗಳನ್ನು ಇನ್ನೊಂದು ಅಧ್ಯಯನ ಹೀಗೆಯೇ ಪರಿಶೀಲಿಸಿ, ಒಳಗೆ ಶಿಲೀಂಧ್ರಗಳ ದೊಡ್ಡ ಸಮುದಾಯವೇ ಇರುವುದನ್ನು ತೋರಿಸಿವೆ. ಒಳಗೆ ಬಾಳುವವರು ಇಷ್ಟು ಜನ ಇದ್ದಮೇಲೆ ಪೈಪೋಟಿಯೂ ಇರುತ್ತದೆ. ಜಾಗಕ್ಕಾಗಿ, ಸಕ್ಕರೆಗಾಗಿ ನಡೆಯುವ ಆ ಪೈಪೋಟಿಯಲ್ಲಿ ಶಿಲೀಂಧ್ರದ ಆಯುಧ ರಸಾಯನ.

ಆ ರಸಾಯನ ನಮಗೆ ಏಕೆ ಬೇಕು ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಶಿಲೀಂಧ್ರ ರೋಗಗಳ ವಿಷಯದಲ್ಲಿ ನಮ್ಮ ಬತ್ತಳಿಕೆ ಇನ್ನೂ ಬರಿದು. ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದ ಕೋಶಕ್ಕಿಂತ ನಮ್ಮ ಕೋಶಕ್ಕೆ ಹತ್ತಿರದ್ದು. ಅದನ್ನು ಕೊಲ್ಲುವ ವಿಷ ನಮ್ಮನ್ನೂ ನೋಯಿಸುವ ಸಾಧ್ಯತೆ ಹೆಚ್ಚು. ಒಳರೋಗಗಳಿಗೆ ಬಳಸುವ ಮುಖ್ಯ ಔಷಧ ವರ್ಗಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. 2021ರಲ್ಲಿ ಕೋವಿಡ್ ಜೊತೆಗೆ ಕಪ್ಪು ಶಿಲೀಂಧ್ರ ಹಬ್ಬಿದಾಗ ಅದರ ಔಷಧವಾದ ಆಂಫೊಟೆರಿಸಿನ್‌ಗಾಗಿ ರೋಗಿಗಳ ಮನೆಯವರು ಊರೂರು ಅಲೆದದ್ದು ಎಲ್ಲರ ನೆನಪಿನಲ್ಲಿದೆ. ಚರ್ಮದ ಮೇಲೆ ಉಂಗುರವಾಗಿ ಹಬ್ಬುವ ಹುಳಕಡ್ಡಿ ಕೂಡ ಈಗ ಮೊದಲಿನಂತೆ ಬಗ್ಗುತ್ತಿಲ್ಲ. ಟರ್ಬಿನಫಿನ್ ಗುಳಿಗೆಗೆ ಜಗ್ಗದ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಶಿಲೀಂಧ್ರಕ್ಕೆ ನಮ್ಮ ದೇಶದ ಹೆಸರೇ ಅಂಟಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ತನ್ನ ಮೊದಲ ಪಟ್ಟಿಯನ್ನು ಹೊರತಂದದ್ದೇ 2022ರಲ್ಲಿ.

ಈ ಕೊರತೆಯ ಎದುರಿಗೆ ಔಷಧಿ ಸಸ್ಯಗಳ ಒಳಗಿನ ಶಿಲೀಂಧ್ರಗಳ ಮೇಲೆ ದೊಡ್ಡ ಆಸೆ ಹುಟ್ಟಿದೆ. ಆಸೆ ಸರಿಯಾದದ್ದೇ, ಆದರೆ ಅದು ನಿಂತಿರುವ ತರ್ಕ ತಪ್ಪು ಎಂಬುದು ನನ್ನ ವಾದ. ಸಾಮಾನ್ಯವಾಗಿ ಮುಂದಿಡುವ ತರ್ಕ ಇದು: ಗಿಡಕ್ಕೆ ಔಷಧ ಗುಣವಿದೆ, ಅದರೊಳಗೆ ಶಿಲೀಂಧ್ರ ತಲೆತಲಾಂತರದಿಂದ ಬಾಳಿದೆ, ಆದ್ದರಿಂದ ಗಿಡದ ಗುಣ ಶಿಲೀಂಧ್ರಕ್ಕೂ ಬಂದಿದೆ, ಗಿಡವನ್ನು ಕಡಿಯದೆ ಶಿಲೀಂಧ್ರವನ್ನು ತೊಟ್ಟಿಯಲ್ಲಿ ಬೆಳೆಸಿ ಅದೇ ಔಷಧವನ್ನು ಪಡೆಯಬಹುದು. ಕೇಳಲು ಇದಕ್ಕಿಂತ ಹಿತವಾದ ಮಾತಿಲ್ಲ, ಕಾಡೂ ಉಳಿಯುತ್ತದೆ, ರೋಗಿಯೂ ಉಳಿಯುತ್ತಾನೆ. ಕಳೆದ ಮೂವತ್ತು ವರ್ಷಗಳ ಸಾಕ್ಷ್ಯ ಮಾತ್ರ ಬೇರೆ ದಿಕ್ಕನ್ನು ತೋರಿಸುತ್ತಿದೆ.

ಆ ಆಸೆಗೆ ಮೂಲ ಟ್ಯಾಕ್ಸಾಲ್. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಲ್ಲಿದ್ದ ಈ ಕ್ಯಾನ್ಸರ್ ಔಷಧದ ರಚನೆಯನ್ನು ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ 1971ರಲ್ಲಿ ಪ್ರಕಟಿಸಿದರು. 1992ರ ಕೊನೆಯಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದು ಮಂಜೂರಾಗುವ ಹೊತ್ತಿಗೆ, ನಿಧಾನವಾಗಿ ಬೆಳೆಯುವ ಆ ಮರಗಳ ಗತಿಯೇನು ಎಂಬ ಚಿಂತೆ ಬಲವಾಗಿತ್ತು. ಮರುವರ್ಷವೇ ಮೊಂಟಾನಾದ ಸ್ಟೀರ್ಲ್ ದಂಪತಿ ಮತ್ತು ಗ್ಯಾರಿ ಸ್ಟ್ರೋಬೆಲ್, ಯೂ ಮರದ ಒಳತೊಗಟೆಯಲ್ಲಿ ಸಿಕ್ಕ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ ಎಂಬ ಶಿಲೀಂಧ್ರ ತಾನೇ ಟ್ಯಾಕ್ಸಾಲ್ ತಯಾರಿಸುತ್ತದೆ ಎಂದು ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ಪ್ರಮಾಣ ಶಿಲೀಂಧ್ರ ಬೆಳೆಸಿದ ದ್ರವದ, ಅಂದರೆ ಕಷಾಯದ, ಒಂದು ಲೀಟರಿಗೆ 24ರಿಂದ 50 ನ್ಯಾನೊಗ್ರಾಂ. ಹೆಚ್ಚಿನ ಅಂಕಿಯನ್ನೇ ಹಿಡಿದರೂ ಒಂದು ಗ್ರಾಂ ಔಷಧಕ್ಕೆ ಎರಡು ಕೋಟಿ ಲೀಟರ್ ಕಷಾಯ ಬೇಕು. ಅಲ್ಲಿಂದ ಮುಂದೆ ಹಲವು ಮರಗಳ ಹಲವು ಶಿಲೀಂಧ್ರಗಳಿಂದ ಇಂಥದೇ ವರದಿಗಳು ಬಂದವು. 2013ರಲ್ಲಿ ಜರ್ಮನಿಯ ಸಂಶೋಧಕರು ಅದೇ ಶಿಲೀಂಧ್ರದ ಜೀನೋಮನ್ನು ಓದಿ ನೋಡಿದಾಗ, ಟ್ಯಾಕ್ಸಾಲ್ ಕಟ್ಟಲು ಬೇಕಾದ ಜೀನ್‌ಗಳ ಸುಳಿವು ಕಾಣಲಿಲ್ಲ. ಅದು ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುತ್ತದೆ ಎಂಬುದಕ್ಕೂ ಆಧಾರ ಸಿಗಲಿಲ್ಲ. ಇಂದು ಮಾರುಕಟ್ಟೆಯ ಟ್ಯಾಕ್ಸಾಲ್ ಬರುತ್ತಿರುವುದು ಯೂ ಗಿಡದ ಎಲೆಯಿಂದ ತೆಗೆದ ಪೂರ್ವವಸ್ತುವನ್ನು ರಾಸಾಯನಿಕವಾಗಿ ಬದಲಿಸಿ, ಇಲ್ಲವೇ ಯೂ ಗಿಡದ ಜೀವಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸಿ. ಎಲೆ ಮತ್ತೆ ಚಿಗುರುವುದರಿಂದ ಮರವೂ ಉಳಿಯಿತು. ಉಳಿಸಿದ್ದು ಶಿಲೀಂಧ್ರವಲ್ಲ.

ನಮ್ಮ ನೆಲಕ್ಕೆ ಇನ್ನೂ ಹತ್ತಿರದ ಕಥೆ ಕ್ಯಾಂಪ್ಟೊಥೆಸಿನ್‌ನದು. 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಪತ್ತೆಯಾದ ಈ ಕ್ಯಾನ್ಸರ್ ನಿರೋಧಕ ವಸ್ತು ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ, ಅಂದರೆ ನಾಥಪೊಡೈಟಿಸ್ ನಿಮ್ಮೋನಿಯಾನಾದಲ್ಲಿ, ಹೇರಳವಾಗಿದೆ. ಇದಕ್ಕಾಗಿಯೇ ಆ ಮರಗಳನ್ನು ಲೆಕ್ಕವಿಲ್ಲದೆ ಕಡಿದು ಸಾಗಿಸಲಾಗಿದೆ. 2005ರಲ್ಲಿ ಜಮ್ಮುವಿನ ತಂಡ ಈ ಮರದ ಒಳಗಿನ ಶಿಲೀಂಧ್ರ ಕ್ಯಾಂಪ್ಟೊಥೆಸಿನ್ ಕೊಡುತ್ತದೆ ಎಂದು ತೋರಿಸಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಮತ್ತು ಸಂಗಡಿಗರು 2010ರಲ್ಲಿ ಇನ್ನೊಂದು ಮರದ ಫ್ಯುಸೇರಿಯಂ ಸೊಲಾನಿ ಎಂಬ ಶಿಲೀಂಧ್ರದಲ್ಲೂ ಅದನ್ನು ಕಂಡರು. ಅದೇ ವರ್ಷ ಇದೇ ಬಳಗದಿಂದ ಬಂದ ಇನ್ನೊಂದು ಪ್ರಬಂಧ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಶಿಲೀಂಧ್ರವನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ವರ್ಗಾಯಿಸುತ್ತ ಹೋದಂತೆ ಅದರ ಕ್ಯಾಂಪ್ಟೊಥೆಸಿನ್ ತಯಾರಿಕೆ ಕುಂದುತ್ತದೆ ಎಂದು ಅವರು ಕರೆಂಟ್ ಸೈನ್ಸ್‌ನಲ್ಲಿ ಬರೆದರು. ತಮ್ಮದೇ ಆಸೆಗೆ ವಿರುದ್ಧವಾದ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸುವುದು ವಿಜ್ಞಾನದ ದೊಡ್ಡ ಸೇವೆ. ಕಾರಣದ ಒಂದು ಭಾಗವನ್ನು ಜರ್ಮನಿಯ ಡಾರ್ಟ್ಮುಂಡ್‌ನ ಗುಂಪು ಬಿಡಿಸಿ ತೋರಿಸಿತು: ಅವರ ಫ್ಯುಸೇರಿಯಂನಲ್ಲಿ ಈ ತಯಾರಿಕೆಯ ಒಂದು ನಿರ್ಣಾಯಕ ಕಿಣ್ವವಾದ ಸ್ಟ್ರಿಕ್ಟೊಸಿಡಿನ್ ಸಿಂಥೇಸ್ ಇರಲಿಲ್ಲ, ಆ ಒಂದು ಹೆಜ್ಜೆಗೆ ಅದು ಆಶ್ರಯ ಕೊಟ್ಟ ಮರವನ್ನೇ ಅವಲಂಬಿಸಿತ್ತು. ಮರದಿಂದ ಬೇರ್ಪಟ್ಟ ಮೇಲೆ ಆ ಸಾಲು ಅಲ್ಲಿಗೇ ಕಡಿಯುತ್ತದೆ.

ಹೀಗಾದರೆ ಈ ಶಿಲೀಂಧ್ರಗಳಿಂದ ಏನೂ ಸಿಗಲಿಲ್ಲವೇ? ಸಿಕ್ಕಿದೆ. ಅವು ಗಿಡದಿಂದ ಪಡೆದದ್ದಲ್ಲ, ತಮ್ಮ ಸ್ವಂತ ಕಾದಾಟಕ್ಕಾಗಿ ತಯಾರಿಸಿದ್ದು. ಸಿಕ್ಕ ಉದಾಹರಣೆಗಳನ್ನು ಒಂದೊಂದಾಗಿ ನೋಡಿದರೆ ಗಿಡದ ಹೆಸರಾಂತ ಗುಣಕ್ಕೂ ಶಿಲೀಂಧ್ರದ ವಸ್ತುವಿಗೂ ಸಂಬಂಧವಿಲ್ಲ. ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದವರು 2009ರಲ್ಲಿ ಬೇವಿನಲ್ಲಿದ್ದ ಕ್ಲೊರಿಡಿಯಂ ಎಂಬ ಶಿಲೀಂಧ್ರದಿಂದ ಜಾವಾನಿಸಿನ್ ಎಂಬ ಬ್ಯಾಕ್ಟೀರಿಯಾನಾಶಕ ವಸ್ತುವನ್ನು ತೆಗೆದರು. ಬೇವಿನ ಹೆಸರು ಕೇಳಿದೊಡನೆ ನಮಗೆ ಅದರ ಕಹಿಯೇ ನೆನಪಿಗೆ ಬರುತ್ತದೆ, ಆದರೆ ಜಾವಾನಿಸಿನ್ ಬೇವಿನ ವಸ್ತುವಲ್ಲ. 1940ರ ದಶಕದಲ್ಲೇ ಅದನ್ನು ಬೇವಿಗೆ ಸಂಬಂಧವೇ ಇಲ್ಲದ ಒಂದು ಫ್ಯುಸೇರಿಯಂನಿಂದ ತೆಗೆಯಲಾಗಿತ್ತು. ಚೀನೀ ವೈದ್ಯದ ಹೆಸರಾಂತ ಬಳ್ಳಿ ಟ್ರಿಪ್ಟೆರಿಜಿಯಂ ವಿಲ್ಫೋರ್ಡಿಯಿಂದ 1999ರಲ್ಲಿ ಸಿಕ್ಕ ಕ್ರಿಪ್ಟೊಕ್ಯಾಂಡಿನ್ ಕ್ಯಾಂಡಿಡಾವನ್ನೂ ಚರ್ಮದ ಶಿಲೀಂಧ್ರಗಳನ್ನೂ ತಡೆಯುತ್ತದೆ. ಅದನ್ನು ತಯಾರಿಸಿದ ಶಿಲೀಂಧ್ರ ಯುರೋಪಿನ ಓಕ್ ಮರದ ಹೆಸರನ್ನೇ ಹೊತ್ತ ಜಾತಿಯದು. ಹೊಂಡುರಾಸ್‌ನಲ್ಲಿ ನೆಟ್ಟ ದಾಲ್ಚಿನ್ನಿ ಮರದಲ್ಲಿ ಸಿಕ್ಕ ಮಸ್ಕೊಡಾರ್ ಆಲ್ಬಸ್ ಇನ್ನೂ ಸೋಜಿಗದ್ದು. ಅದು ಗಾಳಿಗೆ ಬಿಡುವ ಹಲವು ಆವಿಗಳು ಒಟ್ಟಾಗಿ ಸುತ್ತಲ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಬಿಡಿಬಿಡಿಯಾಗಿ ಪರೀಕ್ಷಿಸಿದಾಗ ಯಾವುದೊಂದು ವರ್ಗದ ಆವಿಗೂ ಕೊಲ್ಲುವಷ್ಟು ಬಲವಿರಲಿಲ್ಲ. ಅದರಲ್ಲಿ ಎದ್ದು ಕಾಣುವುದು ಬಾಳೆಹಣ್ಣಿನ ವಾಸನೆಯ ಒಂದು ಎಸ್ಟರ್, ದಾಲ್ಚಿನ್ನಿಯ ಘಮಲಲ್ಲ.

ಇವೆಲ್ಲ ಪ್ರಯೋಗಾಲಯದ ಸುದ್ದಿಗಳು. ರೋಗಿಯ ಕೈಗೆ ತಲುಪಿದ ಔಷಧ ಯಾವುದು ಎಂದು ಯಾರಾದರೂ ಕೇಳಿದರೆ ತೋರಿಸಬೇಕಾದದ್ದು ಇಬ್ರೆಕ್ಸಾಫಂಗರ್ಪ್. ಅದರ ದಾರಿಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಸ್ಪೇನಿನ ಜುನಿಪರ್ ಪೊದೆಯ ಜೀವಂತ ಎಲೆಗಳಲ್ಲಿದ್ದ ಹಾರ್ಮೊನೆಮಾ ಎಂಬ ಕಪ್ಪು ಯೀಸ್ಟ್ ಬಗೆಯ ಶಿಲೀಂಧ್ರದಿಂದ ಮರ್ಕ್ ಕಂಪನಿಯ ಸಂಶೋಧಕರು ಎನ್ಫ್ಯುಮಾಫಂಜಿನ್ ಎಂಬ ವಸ್ತುವನ್ನು ತೆಗೆದು 2000ದಲ್ಲಿ ಪ್ರಕಟಿಸಿದರು. ಈ ಜುನಿಪರ್ ನಮ್ಮ ಆಯುರ್ವೇದದ ಹಪುಷಾ. ಹೊಟ್ಟೆಯುಬ್ಬರಕ್ಕೂ ಮೂತ್ರ ಇಳಿಯಲೂ ಅದರ ಕಾಯಿಯನ್ನು ಬಳಸುವ ರೂಢಿಯಿದೆ. ಶಿಲೀಂಧ್ರ ಕೊಟ್ಟ ವಸ್ತುವಿಗೆ ಆ ರೂಢಿಯ ಜೊತೆ ನಂಟಿಲ್ಲ. ಅದು ಶಿಲೀಂಧ್ರದ ಕೋಶಭಿತ್ತಿಯ ಗ್ಲುಕಾನನ್ನು ಹೆಣೆಯುವ ಕಿಣ್ವವನ್ನು ತಡೆಯುತ್ತದೆ. ಮನುಷ್ಯನ ಕೋಶಕ್ಕೆ ಭಿತ್ತಿಯೇ ಇಲ್ಲವಾದ್ದರಿಂದ ಗುರಿ ನಮ್ಮಿಂದ ದೂರದಲ್ಲಿದೆ. ಅದೇ ಕಿಣ್ವವನ್ನು ತಡೆಯುವ ಎಕೈನೊಕ್ಯಾಂಡಿನ್ ಔಷಧಗಳು ಆಗಲೇ ರೂಪುಗೊಳ್ಳುತ್ತಿದ್ದವು, ಆದರೆ ಅವನ್ನು ರಕ್ತನಾಳಕ್ಕೇ ಚುಚ್ಚಬೇಕು. ಎನ್ಫ್ಯುಮಾಫಂಜಿನ್‌ನ ರಚನೆಯೇ ಬೇರೆ, ಅದು ಟ್ರೈಟರ್ಪೀನ್ ವರ್ಗದ್ದು. ಇದ್ದ ರೂಪದಲ್ಲಿ ಅದು ಗುಳಿಗೆಯಾಗುವಂತಿರಲಿಲ್ಲ. ಶಿಲೀಂಧ್ರವನ್ನು ಹುದುಗಿಸಿ ತೆಗೆದ ವಸ್ತುವನ್ನು ರಸಾಯನಜ್ಞರು ವರ್ಷಗಟ್ಟಲೆ ತಿದ್ದಿ ಬಾಯಲ್ಲಿ ನುಂಗಬಹುದಾದ ಇಬ್ರೆಕ್ಸಾಫಂಗರ್ಪ್ ರೂಪಕ್ಕೆ ತಂದರು. ಮರ್ಕ್‌ನಿಂದ ಸೈನೆಕ್ಸಿಸ್ ಎಂಬ ಕಂಪನಿಗೆ ಕೈಬದಲಾಗಿ, 2021ರ ಜೂನ್‌ನಲ್ಲಿ ಯೋನಿಯ ಕ್ಯಾಂಡಿಡಾ ಸೋಂಕಿಗೆ ಅಮೆರಿಕದಲ್ಲಿ ಮಂಜೂರಾಯಿತು. ಗರ್ಭಿಣಿಯರು ಬಳಸುವಂತಿಲ್ಲ ಎಂಬ ಮಿತಿ ಅದಕ್ಕಿದೆ. ಕಾರ್ಖಾನೆಯಲ್ಲಿ ಬೇರೆ ವಸ್ತುವಿನ ಬೆರಕೆಯ ಶಂಕೆಯಿಂದ 2023ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಂಡದ್ದೂ ಉಂಟು. ಹೀಗಿದ್ದರೂ ಹೊಸದೊಂದು ಶಿಲೀಂಧ್ರನಾಶಕ ವರ್ಗ ಮನುಕುಲಕ್ಕೆ ಸಿಕ್ಕಿದ್ದು ಒಂದು ಎಲೆಯ ಒಳಗಿನಿಂದ. ಎಲೆಯೊಳಗೆ ಶಿಲೀಂಧ್ರದ ಎದುರಾಳಿಗಳಲ್ಲಿ ಬೇರೆ ಶಿಲೀಂಧ್ರಗಳೂ ಇರುವುದರಿಂದ, ಶಿಲೀಂಧ್ರನಾಶಕವನ್ನು ಅಲ್ಲಿ ಹುಡುಕುವುದರಲ್ಲಿ ಅರ್ಥವಿದೆ.

ಇಲ್ಲಿ ಒಂದು ಆಕ್ಷೇಪ ಬರಬೇಕು: ಗಿಡದ ಗುಣಕ್ಕೂ ಶಿಲೀಂಧ್ರದ ಗುಣಕ್ಕೂ ನಂಟಿಲ್ಲವೆಂದಾದರೆ ಔಷಧಿ ಸಸ್ಯವನ್ನೇ ಏಕೆ ಹುಡುಕಬೇಕು, ಬೇಲಿಯ ಯಾವ ಗಿಡವಾದರೂ ಆದೀತಲ್ಲ? ಆಕ್ಷೇಪದಲ್ಲಿ ಹುರುಳಿದೆ. ಚೆನ್ನೈನ ಟಿ. ಎಸ್. ಸೂರ್ಯನಾರಾಯಣನ್ ಮತ್ತು ಸಂಗಡಿಗರು ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಕಾಡುಗಳಲ್ಲಿ 75 ಜಾತಿಯ ಮರಗಳ ಎಲೆಗಳನ್ನು ಪರಿಶೀಲಿಸಿದಾಗ, ಕೆಲವೇ ಶಿಲೀಂಧ್ರಗಳು ಹಲವು ಮರಗಳಲ್ಲಿ ಸಾಮಾನ್ಯವಾಗಿ ಹರಡಿದ್ದವು. ಒಂದೊಂದು ಮರಕ್ಕೂ ಅದರದೇ ಶಿಲೀಂಧ್ರ ಎಂಬ ಚಿತ್ರ ಕಾಣಲಿಲ್ಲ. ಆದರೂ ಔಷಧಿ ಸಸ್ಯದ ಪರವಾಗಿ ಹೇಳಬಹುದಾದ ಗಟ್ಟಿ ಮಾತೊಂದಿದೆ. ವಿಷವಸ್ತು ತುಂಬಿದ ಅಂಗಾಂಶದಲ್ಲಿ ಬಾಳಲು ಶಿಲೀಂಧ್ರಕ್ಕೆ ಆ ವಿಷವನ್ನು ತಾಳಿಕೊಳ್ಳುವ ಏರ್ಪಾಡು ಬೇಕು. ಕ್ಯಾಂಪ್ಟೊಥೆಸಿನ್ ಕೊಲ್ಲುವುದು ಟೊಪೊಐಸೊಮೆರೇಸ್ ಎಂಬ ಕಿಣ್ವಕ್ಕೆ ಅಂಟಿಕೊಂಡು. ಕ್ಯಾಂಪ್ಟೊಥೆಸಿನ್ ಇರುವ ಮರದೊಳಗಿನ ಫ್ಯುಸೇರಿಯಂನಲ್ಲಿ ಅದೇ ಕಿಣ್ವದ ಅಮೈನೊ ಆಮ್ಲಗಳು ಬದಲಾಗಿರುವುದನ್ನು ಡಾರ್ಟ್ಮುಂಡ್ ಗುಂಪು ಕಂಡಿತು. ಅಂದರೆ ಗಿಡ ಶಿಲೀಂಧ್ರಕ್ಕೆ ಔಷಧದ ಸೂತ್ರವನ್ನು ಕೊಡದಿದ್ದರೂ, ಎಂಥ ಶಿಲೀಂಧ್ರ ಒಳಗೆ ಉಳಿಯಬಹುದು ಎಂಬುದನ್ನು ಸೋಸುತ್ತದೆ. ಗಿಡದೊಳಗಿನ ಬದುಕು ರಸಾಯನಕ್ಕೆ ಫಲವತ್ತಾದ ನೆಲ ಎಂಬುದಕ್ಕೆ ಅಂಕಿಯ ಬೆಂಬಲವೂ ಇದೆ: ಜರ್ಮನಿಯ ಬಾರ್ಬರಾ ಶುಲ್ಜ್ ಮತ್ತು ಸಂಗಡಿಗರ 2002ರ ಲೆಕ್ಕದಲ್ಲಿ, ಎಂಡೊಫೈಟ್‌ಗಳಿಂದ ತೆಗೆದ ಸಕ್ರಿಯ ವಸ್ತುಗಳಲ್ಲಿ ಶೇಕಡಾ 51 ಹೊಸವು, ಮಣ್ಣಿನ ಶಿಲೀಂಧ್ರಗಳಲ್ಲಿ ಆ ಪ್ರಮಾಣ ಶೇಕಡಾ 38.

ಇನ್ನೊಂದು ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ. ಗಿಡದ್ದೆಂದು ನಂಬಿದ್ದ ವಸ್ತು ಶಿಲೀಂಧ್ರದ್ದೇ ಎಂದು ಸಿದ್ಧವಾದ ಪ್ರಸಂಗಗಳಿಲ್ಲವೇ? ಇವೆ. ಗೆಣಸಿನ ಕುಲಕ್ಕೆ ಸೇರಿದ ಕೆಲವು ಬಳ್ಳಿಗಳಲ್ಲಿ ಎರ್ಗಾಟ್ ಆಲ್ಕಲಾಯ್ಡ್‌ಗಳು ಇರುವುದು ಬಹುಕಾಲ ಒಗಟಾಗಿತ್ತು. ಜರ್ಮನ್ ಸಂಶೋಧಕರು ಬಳ್ಳಿಗೆ ಶಿಲೀಂಧ್ರನಾಶಕ ಹಾಕಿದಾಗ ಎಲೆಯ ಮೇಲಿನ ಶಿಲೀಂಧ್ರದೊಂದಿಗೆ ಆಲ್ಕಲಾಯ್ಡ್‌ಗಳೂ ಮಾಯವಾದವು. ಆ ಶಿಲೀಂಧ್ರಕ್ಕೆ 2011ರಲ್ಲಿ ಪೆರಿಗ್ಲಾಂಡುಲಾ ಎಂಬ ಹೆಸರಾಯಿತು. ಅಮೆರಿಕದಲ್ಲಿ ದನಕುದುರೆಗಳಿಗೆ ಹುಚ್ಚು ಹಿಡಿಸುವ ಲೋಕೊ ಗಿಡದ ಸ್ವೇನ್ಸೊನಿನ್ ಎಂಬ ವಿಷ ಕೂಡ ಒಳಗಿನ ಶಿಲೀಂಧ್ರದ್ದೇ. ಈ ಉದಾಹರಣೆಗಳನ್ನು ನಾನು ಪೂರ್ತಿ ಒಪ್ಪುತ್ತೇನೆ, ಏಕೆಂದರೆ ಪುರಾವೆ ಹೇಗಿರಬೇಕು ಎಂಬುದನ್ನು ಇವೇ ಕಲಿಸುತ್ತವೆ. ಶಿಲೀಂಧ್ರವನ್ನು ತೆಗೆದರೆ ವಸ್ತು ಹೋಗಬೇಕು, ವಸ್ತುವನ್ನು ಕಟ್ಟುವ ಜೀನ್ ಶಿಲೀಂಧ್ರದಲ್ಲಿ ಕಾಣಬೇಕು. ಕಷಾಯದಲ್ಲಿ ಸೂಕ್ಷ್ಮ ಉಪಕರಣ ಹಿಡಿದ ನ್ಯಾನೊಗ್ರಾಂ ಪ್ರಮಾಣದ ಗುರುತು ಸಾಲದು. ಗಿಡದ ಅಂಗಾಂಶದಿಂದ ಎಳೆಗಳಲ್ಲಿ ಅಂಟಿಬಂದ ಅವಶೇಷವೂ ಹಾಗೆಯೇ ಕಾಣಬಲ್ಲದು.

ಪುರಾವೆಯ ಮಾತು ಬಂದಾಗ ನಮ್ಮ ವಿಶ್ವವಿದ್ಯಾನಿಲಯಗಳ ಕೆಲಸದ ಬಗ್ಗೆ ಹೇಳದೆ ಇರಲಾಗದು. ಒಂದು ಔಷಧಿ ಸಸ್ಯವನ್ನು ಆರಿಸಿ, ಶಿಲೀಂಧ್ರಗಳನ್ನು ಬೇರ್ಪಡಿಸಿ, ಈಥೈಲ್ ಅಸಿಟೇಟ್‌ನಲ್ಲಿ ಸಾರ ತೆಗೆದು, ಅಗರ್ ತಟ್ಟೆಯಲ್ಲಿ ಸ್ಟ್ಯಾಫಿಲೊಕಾಕಸ್, ಇ. ಕೋಲಿ ಬ್ಯಾಕ್ಟೀರಿಯಾಗಳ ಎದುರು ಇಟ್ಟು, ಸುತ್ತಲೂ ಮೂಡಿದ ತಿಳಿ ವಲಯವನ್ನು ಮಿಲಿಮೀಟರಿನಲ್ಲಿ ಅಳೆದು ಪ್ರಬಂಧ ಬರೆಯುವುದು ದೇಶದ ಉದ್ದಗಲಕ್ಕೂ ರೂಢಿಯಾಗಿದೆ. ಆ ವಿದ್ಯಾರ್ಥಿಗಳ ಶ್ರಮದ ಬಗ್ಗೆ ನನಗೆ ಗೌರವವಿದೆ, ಅದಕ್ಕಾಗಿಯೇ ಆ ಶ್ರಮ ಅಲ್ಲಿಗೆ ನಿಲ್ಲುವುದು ನೋವು ತರುತ್ತದೆ. ತಿಳಿ ವಲಯದ ಅಗಲ ವಸ್ತು ಅಗರ್‌ನಲ್ಲಿ ಎಷ್ಟು ದೂರ ಹರಡಿತು ಎಂಬುದನ್ನೂ ಅವಲಂಬಿಸಿದೆ. ಸಾರದಲ್ಲಿರುವ ಯಾವ ವಸ್ತು ಕೊಂದಿತು, ಅದು ಹಿಂದೆಯೇ ತಿಳಿದದ್ದೋ, ಮನುಷ್ಯನ ಕೋಶವನ್ನೂ ಕೊಲ್ಲುತ್ತದೋ ಎಂಬ ಯಾವ ಪ್ರಶ್ನೆಗೂ ಅದು ಉತ್ತರಿಸದು. ಪ್ರಬಂಧ ಮುಗಿದ ಮೇಲೆ ಶಿಲೀಂಧ್ರದ ತಳಿ ಎಲ್ಲಿರುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಪುಣೆಯ ಅಘಾರ್ಕರ್ ಸಂಸ್ಥೆಯಲ್ಲೂ ಚಂಡೀಗಢದಲ್ಲೂ ರಾಷ್ಟ್ರೀಯ ಸಂಗ್ರಹಗಳಿವೆ. ತಳಿಯನ್ನು ಅಲ್ಲಿ ಒಪ್ಪಿಸದಿದ್ದರೆ ವಿದ್ಯಾರ್ಥಿ ಪದವಿ ಪಡೆದು ಹೊರಟ ಮೇಲೆ ಅದು ಶೀತಪೆಟ್ಟಿಗೆಯಲ್ಲೇ ಒಣಗಿ ಸಾಯುತ್ತದೆ. ಎನ್ಫ್ಯುಮಾಫಂಜಿನ್ ಪ್ರಕಟವಾದ ಮೇಲೆ ಔಷಧವಾಗಲು ಇಪ್ಪತ್ತೊಂದು ವರ್ಷ ಹಿಡಿಯಿತು; ಅಷ್ಟು ಉದ್ದದ ದಾರಿಗೆ ಜೀವಂತ ತಳಿ ಬೇಕು.

ಇಷ್ಟು ವರ್ಷಕ್ಕೆ ಒಂದು ಔಷಧವೆಂದರೆ ಅದು ಸೋಲಲ್ಲವೇ, ಕಂಪ್ಯೂಟರಿನಲ್ಲೇ ಹೊಸ ಅಣುಗಳನ್ನು ರೂಪಿಸುವ ಕಾಲದಲ್ಲಿ ಎಲೆ ಕತ್ತರಿಸುತ್ತ ಕೂರಬೇಕೇ ಎಂದು ಕೇಳುವವರಿದ್ದಾರೆ. ಹೊಸ ರಾಸಾಯನಿಕ ವರ್ಗ ಸಿಗುವುದು ಯಾವ ದಾರಿಯಲ್ಲೂ ಅಪರೂಪವೇ. ಶಿಲೀಂಧ್ರಗಳ ಜೀನೋಮ್‌ಗಳನ್ನು ಓದಿದಾಗ ತಿಳಿದ ಮುಖ್ಯ ಸಂಗತಿ, ಅವುಗಳಲ್ಲಿರುವ ತಯಾರಿಕಾ ಜೀನ್‌ಗಳ ಗುಂಪುಗಳು ನಾವು ತಟ್ಟೆಯಲ್ಲಿ ಕಂಡ ವಸ್ತುಗಳಿಗಿಂತ ಎಷ್ಟೋ ಹೆಚ್ಚು ಎಂಬುದು. ಹೆಚ್ಚಿನವು ಒಂಟಿಯಾಗಿ ಬೆಳೆಸಿದಾಗ ಮೌನವಾಗಿರುತ್ತವೆ. 2009ರಲ್ಲಿ ಜರ್ಮನಿಯ ಯೇನಾದಲ್ಲಿ ಆಸ್ಪರ್ಜಿಲಸ್ ನಿಡುಲಾನ್ಸ್ ಶಿಲೀಂಧ್ರವನ್ನು ಮಣ್ಣಿನ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದ ಜೊತೆ ಬೆಳೆಸಿದಾಗ, ಎರಡೂ ಮೈಗೆ ಮೈ ತಾಗಿದ ಮೇಲೆ ಇಂಥ ಒಂದು ಗುಂಪು ಎಚ್ಚೆತ್ತಿತು. ಎದುರಾಳಿ ಇಲ್ಲದೆ ಬೆಳೆಸಿದ ಎಂಡೊಫೈಟ್‌ನಲ್ಲಿ ಏನೂ ಸಿಗದೆ ಹೋದರೆ ಅದರಲ್ಲಿ ಏನೂ ಇಲ್ಲ ಎಂದು ತೀರ್ಮಾನಿಸಲು ನಮಗೆ ಹಕ್ಕಿಲ್ಲ. ಕಂಪ್ಯೂಟರ್ ಕೂಡ ಈ ಜೀನ್‌ಗಳನ್ನು ಓದಲು ನೆರವಾಗಬಲ್ಲದು, ಓದಲು ಜೀವಂತ ತಳಿಗಳಿದ್ದರೆ.

ಕೊನೆಯದಾಗಿ ಒಡೆತನದ ಪ್ರಶ್ನೆ. ರಸಾಯನ ಶಿಲೀಂಧ್ರದ್ದೇ, ಗಿಡದ ಪಾರಂಪರಿಕ ಗುಣಕ್ಕೆ ಸಂಬಂಧಿಸಿದ್ದಲ್ಲ ಎಂದು ವಾದಿಸಿದರೆ, ಆ ಗಿಡವನ್ನು ಕಾಪಾಡಿಕೊಂಡು ಬಂದ ನಾಟಿ ವೈದ್ಯರ, ಕಾಡಂಚಿನ ಊರಿನವರ ಪಾಲನ್ನು ಕಿತ್ತುಕೊಂಡಂತಾಗುವುದಿಲ್ಲವೇ ಎಂಬ ಆತಂಕ ನ್ಯಾಯವಾದದ್ದು. ಕಂಪನಿಯೊಂದು ಈ ವಾದವನ್ನೇ ಹಿಡಿದು ಪಾಲು ಕೊಡದೆ ಜಾರಿಕೊಳ್ಳಬಹುದು. 2002ರ ಜೀವವೈವಿಧ್ಯ ಕಾಯ್ದೆ ಜೈವಿಕ ಸಂಪನ್ಮೂಲ ಎಂಬ ವ್ಯಾಖ್ಯೆಯಲ್ಲಿ ಸಸ್ಯ, ಪ್ರಾಣಿಗಳ ಜೊತೆಗೆ ಸೂಕ್ಷ್ಮಜೀವಿಗಳನ್ನೂ ಅವುಗಳ ಆನುವಂಶಿಕ ವಸ್ತುವನ್ನೂ ಸ್ಪಷ್ಟವಾಗಿ ಸೇರಿಸಿದೆ. ಆದ್ದರಿಂದ ಪಾಲಿನ ಆಧಾರ ಪಾರಂಪರಿಕ ಜ್ಞಾನವೊಂದೇ ಅಲ್ಲ, ತಳಿಯನ್ನು ತೆಗೆದ ನೆಲವೂ ಹೌದು. ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರಿಗಣ್ಣಿಗೆ ಕಾಣುವ ಗಿಡ, ಪ್ರಾಣಿಗಳನ್ನು ಬರೆಯಲಾಗುತ್ತದೆ; ಎಲೆಯ ಒಳಗಿನ ಶಿಲೀಂಧ್ರವನ್ನು ಊರಿನವರು ಬರೆಯಲಾರರು, ಅದು ಪ್ರಯೋಗಾಲಯದವರ ಹೊಣೆ. ಕುದುರೆಮುಖದ ಯಾವ ಇಳಿಜಾರಿನ ಯಾವ ಗಿಡದಿಂದ, ಯಾವ ಪಂಚಾಯಿತಿಯ ಸರಹದ್ದಿನಿಂದ ಬಂದ ತಳಿ ಎಂಬ ವಿವರ ಸಂಗ್ರಹಾಲಯದ ಸೀಸೆಯ ಚೀಟಿಯಲ್ಲೇ ಇದ್ದರೆ, ಮುಂದೊಂದು ದಿನ ಅದರಿಂದ ಔಷಧ ಬಂದಾಗ ಲೆಕ್ಕ ಕೇಳಲು ಆ ಪಂಚಾಯಿತಿಗೆ ದಾಖಲೆ ಸಿಗುತ್ತದೆ. ಇಂದಿನ ಪ್ರಬಂಧಗಳಲ್ಲಿ ಹಲವು ‘ಪಶ್ಚಿಮ ಘಟ್ಟ’ ಎಂದಷ್ಟೇ ಬರೆದು ಬಿಡುತ್ತವೆ.